ಬಾನೆಟ್ ರಾಯರು

ಬಡಾವಣೆಗೊಬ್ಬರು ಇದ್ದೇ ಇರುತ್ತಾರೆ. ಬೆಂಗಳೂರಿನ ವಿದ್ಯಾರಣ್ಯಪುರದಲ್ಲೂ ಸಿಗುತ್ತಾರೆ, ಮೈಸೂರಿನ ಕುವೆಂಪುನಗರದಲ್ಲೂ ಸಿಗುತ್ತಾರೆ. ಯಾವುದೋ ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಆಯುಷ್ಯ ಸವೆಸಿ, ವಿಆರ್‌ಎಸ್ ದುಡ್ಡಿನಲ್ಲಿ ಮನೆ ಮುಗಿಸಿ, ಆಮೇಲೆ ಮಾಡಲು ಏನೂ ಉಳಿಯದೆ ಬೀದಿಯ ಕಾರುಗಳನ್ನೆಲ್ಲ ದತ್ತು ತೆಗೆದುಕೊಂಡವರು. ಎಡಗೈಗೆ ಕೀ ಕೊಡುವ ಎಚ್‌ಎಂಟಿ ವಾಚು, ಬಲಗೈಯಲ್ಲಿ ಸುರುಳಿ ಸುತ್ತಿದ ಪೇಪರು, ಗೇಟಿನೊಳಗೆ ಕವರು ಹೊದ್ದು ಮಲಗಿದ ಮಾರುತಿ 800. ಆ ಕಾರಿನ ತಯಾರಿಕೆ 2014ರಲ್ಲೇ ನಿಂತಿತು ಎಂದು ಯಾರಾದರೂ ನೆನಪಿಸಿದರೆ, ‘ಅದಕ್ಕೇ ಈಗ ರಸ್ತೆ ತುಂಬ ಕೆಟ್ಟು ನಿಂತ ಕಾರುಗಳು’ ಎನ್ನುತ್ತಾರೆ.

ನಮ್ಮ ಬೀದಿಯವರನ್ನು ಎಲ್ಲರೂ ರಾಯರು ಎನ್ನುತ್ತೇವೆ. ಬೆನ್ನ ಹಿಂದೆ ಬಾನೆಟ್ ರಾಯರು. ಯಾರದಾದರೂ ಕಾರಿನ ಬಾನೆಟ್ ಮೇಲೆದ್ದಿತೋ, ರಾಯರು ಪಕ್ಕದಲ್ಲಿ ಹಾಜರು. ಕುಕ್ಕರ್ ಕೂಗಿದ್ದು ಕೇಳಿಸದ ಕಿವಿಗೆ ಇದೊಂದು ಸದ್ದು ಹೇಗೆ ಕೇಳಿಸುತ್ತದೆ ಎಂಬುದು ಅವರ ಮನೆಯವರ ಬಹುಕಾಲದ ಪ್ರಶ್ನೆ. ಬಂದ ಕೂಡಲೇ ಮಾತಾಡುವುದಿಲ್ಲ. ಎರಡೂ ಕೈ ಹಿಂದೆ ಕಟ್ಟಿ, ಎಂಜಿನ್ನಿನ ಮೇಲೆ ಬಗ್ಗಿ, ‘ಹ್ಞೂಂ’ ಎನ್ನುತ್ತಾರೆ. ಆಮೇಲೆ ‘ಎಷ್ಟು ಓಡಿದೆ?’ ಮೂವತ್ತು ಸಾವಿರ ಎಂದರೂ ತೊಂಬತ್ತು ಸಾವಿರ ಎಂದರೂ ಉತ್ತರ ಒಂದೇ: ‘ಅದೇ ಮತ್ತೆ.’ ಕೇಳದೆಯೇ ಡಿಪ್‌ಸ್ಟಿಕ್ ಎಳೆದು, ಎಣ್ಣೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚುತ್ತಾರೆ. ಬ್ಯಾಟರಿ ಇಳಿದಿರಲಿ, ವೈಪರ್ ನೀರು ಮುಗಿದಿರಲಿ, ಈ ಶಾಸ್ತ್ರ ಆಗದೆ ಮುಂದಿನ ಮಾತಿಲ್ಲ. ಹೊಸ ಕಾರುಗಳಲ್ಲಿ ಎಂಜಿನ್ನಿನ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಹಾಕಿರುತ್ತಾರಲ್ಲ, ಅದನ್ನು ಕಂಡರೆ ರಾಯರಿಗೆ ಮನಸ್ಸು ಮುರಿದುಹೋಗುತ್ತದೆ. ‘ಕಾರ್ಬ್ಯುರೇಟರ್ ಇದ್ದಿದ್ರೆ ಇಲ್ಲೇ ಬಿಚ್ಚಿ ಊದಿಬಿಡ್ತಿದ್ದೆ’ ಎಂದು ನಿಟ್ಟುಸಿರು ಬಿಡುತ್ತಾರೆ.

ಸರ್ವಿಸ್ ಸೆಂಟರ್ ಎಂಬ ಹೆಸರೆತ್ತಬಾರದು. ‘ಅಲ್ಲಿ ಏಸಿ ರೂಮಲ್ಲಿ ಕೂರಿಸಿ ಕಾಫಿ ಕೊಡ್ತಾರಪ್ಪ, ಬಿಲ್ಲು ನೋಡಿದ್ಮೇಲೆ ಆ ಕಾಫಿಗೆ ಎಷ್ಟಾಯ್ತು ಅಂತ ಲೆಕ್ಕ ಹಾಕು’ ಎನ್ನುತ್ತಾರೆ.

ಇಂಥ ರಾಯರನ್ನೂ ಕಂಗೆಡಿಸುವ ಕಾಯಿಲೆ ಒಂದಿದೆ ಎಂದು ಗೊತ್ತಾದದ್ದು ಎದುರುಮನೆಯ ಸಾಫ್ಟ್‌ವೇರ್ ಹುಡುಗನ ಕಾರಿನಿಂದ. ಸ್ಟೀರಿಂಗ್ ಕೆಳಗಿನ ಲಿವರ್ ಎಳೆದರೆ ಅದು ಸತ್ತ ಬಾಲದಂತೆ ಸುಮ್ಮನೆ ಕೈಗೆ ಬರುತ್ತಿತ್ತು, ಬಾನೆಟ್ ಮಾತ್ರ ಮಿಸುಕುತ್ತಿರಲಿಲ್ಲ. ರಾಯರು ಬಂದರು. ಕೈ ಹಿಂದೆ ಕಟ್ಟಿದರು. ಬಗ್ಗಿ ನೋಡಲು ಏನೂ ಇಲ್ಲ! ಎಳೆಯಲು ಡಿಪ್‌ಸ್ಟಿಕ್ ಇಲ್ಲ, ಮೂಸಲು ಎಣ್ಣೆ ಇಲ್ಲ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗ್ರಿಲ್ಲಿನ ಸಂದಿಯಿಂದ ಒಳಗೆ ಇಣುಕಿ, ‘ಎಷ್ಟು ಓಡಿದೆ?’ ಎಂದರು. ದನಿಯಲ್ಲಿ ಎಂದಿನ ಗತ್ತಿರಲಿಲ್ಲ.

ಆದರೆ ಟೂಲ್ ರೂಮಿನ ಮನುಷ್ಯ ಸುಲಭಕ್ಕೆ ಸೋಲುವವರಲ್ಲ. ‘ಇದು ಸೈಕಲ್ ಬ್ರೇಕಿನ ಕೇಬಲ್ಲೇ ಕಣಪ್ಪ’ ಎಂದು ಪಾಠ ಶುರುವಾಯಿತು. ಹೊರಗೊಂದು ಕೊಳವೆ, ಒಳಗೆ ಹುರಿ ಮಾಡಿದ ಉಕ್ಕಿನ ತಂತಿ. ಕೊಳವೆಯ ಎರಡೂ ತುದಿ ಗಟ್ಟಿಯಾಗಿ ಕೂತಿದ್ದರೆ, ಈಚೆ ತುದಿಯಲ್ಲಿ ಎಳೆದ ತಂತಿ ಆಚೆ ತುದಿಯಲ್ಲಿ ಕೊಕ್ಕೆ ಬಿಡಿಸುತ್ತದೆ. ನಡುವೆ ಎಷ್ಟು ತಿರುವಿದ್ದರೂ ಚಿಂತೆಯಿಲ್ಲ. ಬೌಡನ್ ಎಂಬಾತ 1896ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಅಂದಿನಿಂದ ಇಂದಿನವರೆಗೆ ಇದರಲ್ಲಿ ಕೆಡುವುದು ಕೆಲವೇ ಸಂಗತಿ: ಲಿವರಿನ ಪ್ಲಾಸ್ಟಿಕ್ ಮುರಿಯುತ್ತದೆ, ಒಳತಂತಿ ತುದಿಯಲ್ಲಿ ಎಳೆ ಎಳೆಯಾಗಿ ಹರಿಯುತ್ತದೆ, ಇಲ್ಲವೇ ಮುಂದಿನ ಲಾಕು ಧೂಳು ತುಕ್ಕು ತಿಂದು ಬಿಗಿದುಕೊಳ್ಳುತ್ತದೆ. ಲಾಕ್ ಬಿಗಿಯಾದಷ್ಟೂ ನಾವು ಜೋರಾಗಿ ಎಳೆಯುತ್ತೇವೆ, ಎಳೆದಷ್ಟೂ ತಂತಿ ಹರಿಯುತ್ತದೆ. ‘ಅಂದ್ರೆ ತಪ್ಪು ಕೇಬಲ್ಲಿಂದಲ್ಲ, ಗ್ರೀಸ್ ಹಾಕದವರದ್ದು’ ಎಂದು ಹುಡುಗನ ಮುಖ ನೋಡಿದರು. ಹುಡುಗ ಮೊಬೈಲ್ ನೋಡಿದ.

ಮುಂದಿನ ದೃಶ್ಯದಲ್ಲಿ ರಾಯರ ತಲೆ ಡ್ಯಾಶ್‌ಬೋರ್ಡ್ ಕೆಳಗೆ, ಬೆನ್ನು ಸೀಟಿನ ಮೇಲೆ, ಪಂಚೆ ಸುತ್ತಿದ ಕಾಲುಗಳು ಬಾಗಿಲಾಚೆ ರಸ್ತೆಯಲ್ಲಿ. ಒಂದು ಚಪ್ಪಲಿ ಮೋರಿಗೆ ಬಿತ್ತು. ಲಿವರಿನ ಹಿಂದೆ ಟಾರ್ಚು ಹಿಡಿದರೆ ರೋಗ ಕಣ್ಣಿಗೇ ಕಂಡಿತು: ತಂತಿಯ ತುದಿಯಲ್ಲಿ ಇರಬೇಕಾದ ಲೋಹದ ಗುಂಡು ಕಿತ್ತುಹೋಗಿ, ಎಳೆಗಳು ಹಳೆಯ ಪೇಂಟ್ ಬ್ರಷ್ಷಿನ ಹಾಗೆ ಕೆದರಿ ನಿಂತಿದ್ದವು. ಅದರಲ್ಲೊಂದು ರಾಯರ ಹೆಬ್ಬೆರಳಿಗೆ ಚುಚ್ಚಿತು. ಆಗ ಅವರು ಆಡಿದ ಮಾತು ಟೂಲ್ ರೂಮಿನದು, ಇಲ್ಲಿ ಬೇಡ.

‘ಕಟಿಂಗ್ ಪ್ಲೇಯರ್ ಕೊಡು. ನೀವು ಮುಂದೆ ನಿಂತು ಬಾನೆಟ್ ಒತ್ತಿ.’ ನನಗೆ ಹೇಳಿದ್ದು. ಒತ್ತಿದೆ. ‘ಒತ್ತಿ ಅಂದ್ರೆ ಅದರ ಮೇಲೆ ಮಲಗಬೇಡಿ ಸ್ವಾಮಿ!’

ಎಳೆಯುವಾಗ ಒತ್ತುವುದು ಯಾಕೆ ಎಂದು ಹುಡುಗ ಕೇಳಿದ. ಬಾನೆಟ್ಟನ್ನು ಸ್ಪ್ರಿಂಗು ಸದಾ ಮೇಲಕ್ಕೆ ದೂಡುತ್ತಿರುತ್ತದೆ; ಆ ಭಾರವೆಲ್ಲ ಕೊಕ್ಕೆಯ ಮೇಲೆ. ಮೇಲಿಂದ ಅಂಗೈಯಲ್ಲಿ ಒತ್ತಿದರೆ ಕೊಕ್ಕೆಗೆ ಉಸಿರಾಡಲು ಕೊಂಚ ಜಾಗ ಸಿಗುತ್ತದೆ, ಆಗ ಸಣ್ಣ ಎಳೆತಕ್ಕೂ ಬಿಟ್ಟುಕೊಡುತ್ತದೆ. ರಾಯರು ಎಡಗೈಯಲ್ಲಿ ಕೊಳವೆ ಅಲುಗದಂತೆ ಹಿಡಿದು, ಬಲಗೈಯ ಪ್ಲೇಯರಿಗೆ ಬ್ರಷ್ಷು ಸುತ್ತಿ ಎಳೆದರು. ಟಪ್! ಬಾನೆಟ್ ಬೆರಳು ತೂರುವಷ್ಟು ಎದ್ದಿತು. ಕೈ ಹಾಕಿ ಸೇಫ್ಟಿ ಕ್ಯಾಚ್ ಸರಿಸಿ ಮೇಲೆತ್ತಿದೆ. ರಾಯರು ಹೊರಗೆ ಬಂದವರೇ, ಬೇರೆಲ್ಲ ಬಿಟ್ಟು, ಡಿಪ್‌ಸ್ಟಿಕ್ ಎಳೆದರು.

ಕೇಬಲನ್ನು ಮೊಬೈಲಿನಲ್ಲೇ ತರಿಸೋಣ ಎಂದ ಹುಡುಗನನ್ನು ಅವರು ಜೆ.ಸಿ. ರಸ್ತೆಗೆ ಎಳೆದೊಯ್ದರು. ಹಳೆಯ ಕೇಬಲ್ ಬಿಚ್ಚದೆ, ಅದರ ಉದ್ದವನ್ನು ಸಣಬಿನ ದಾರದಲ್ಲಿ ಅಳೆದುಕೊಂಡು ಹೋದರು. ಅಂಗಡಿಯಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಆಟೋಗೆ ಕೊಟ್ಟರು. ಅದಿರಲಿ.

ಮುಂದಿನ ಕೆಲಸದಲ್ಲಿ ಮಾತ್ರ ರಾಯರನ್ನು ಹೊಗಳದಿದ್ದರೆ ನನಗೆ ಪಾಪ ಬಂದೀತು. ಲಾಕಿನ ಬೋಲ್ಟುಗಳನ್ನು ಬಿಚ್ಚುವ ಮುಂಚೆ ಮೊಮ್ಮಗಳ ಸ್ಕೆಚ್ ಪೆನ್ನಿನಿಂದ ಅದರ ಸುತ್ತ ಗೆರೆ ಎಳೆದರು. ಮತ್ತೆ ಅದೇ ಜಾಗಕ್ಕೆ ಕೂರಿಸದಿದ್ದರೆ ಬಾನೆಟ್ ಒಂದೋ ಸರಿಯಾಗಿ ಮುಚ್ಚುವುದಿಲ್ಲ, ಇಲ್ಲವೇ ಗಡಗಡ ಅಲುಗುತ್ತದೆ. ಹತ್ತರ ಸ್ಪ್ಯಾನರಿನಲ್ಲಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ, ಕರ್ರಗೆ ಗಟ್ಟಿಯಾದ ಗ್ರೀಸಿನ ಜೊತೆ ಕಣಜ ಕಟ್ಟಿದ ಮಣ್ಣಿನ ಗೂಡೂ ಬಂತು. ಹಳೆಯ ಕೇಬಲಿನ ತುದಿಗೆ ಹೊಸದನ್ನು ಟೇಪಿನಿಂದ ಸುತ್ತಿ, ಮುಂದಿನಿಂದ ಹಳೆಯದನ್ನು ನಿಧಾನವಾಗಿ ಎಳೆದರು; ಹೊಸದು ಅದರ ಬೆನ್ನಿಗೇ, ಎಂಜಿನ್ ಗೋಡೆಯ ರಬ್ಬರ್ ಬುಷ್ಷಿನೊಳಗಿಂದ, ಫೆಂಡರಿನ ಪಕ್ಕದ ಕ್ಲಿಪ್ಪುಗಳ ಹಾದಿಯಲ್ಲೇ ಬಂದು ಲಾಕಿನ ಮುಂದೆ ತಲೆ ಹಾಕಿತು. ಮಾತಾಡದೆ ಕೆಲಸ ಮಾಡುವ ರಾಯರನ್ನು ನಾವು ಅಂದೇ ನೋಡಿದ್ದು.

ಅಷ್ಟು ಹೊತ್ತಿಗೆ ಜನ ಸೇರಿತ್ತು. ಇಸ್ತ್ರಿ ಗಾಡಿಯವನು, ಹಾಲಿನವನು, ವಾಕಿಂಗ್ ಮುಗಿಸಿದ ಇಬ್ಬರು. ಜನ ಸೇರಿದರೆ ರಾಯರಿಗೆ ಮೌನ ಒಗ್ಗುವುದಿಲ್ಲ. ‘ನೋಡ್ರಪ್ಪ, ಬಾನೆಟ್ ಮುಚ್ಚೋ ಮುಂಚೆ ಸ್ಕ್ರೂಡ್ರೈವರಿಂದ ಲಾಕನ್ನ ಕೆಳಗೊತ್ತಿ, ಒಳಗಿಂದ ಲಿವರ್ ಎಳೆದು, ಬಿಡುತ್ತೋ ಇಲ್ವೋ ಅಂತ ಟೆಸ್ಟ್ ಮಾಡ್ಬೇಕು. ಮಾಡ್ದೇ ಮುಚ್ಚೋನು ಮೂರ್ಖ’ ಎಂದರು. ಆಗ ಇಸ್ತ್ರಿಯವನು, ‘ಮುಚ್ಚಿದ್ರೆ ಸರಿಯಾಗಿ ಕೂರುತ್ತಾ ಸಾರ್?’ ಎಂದ. ‘ಕೂರುತ್ತಾ ಅಂದ್ರೆ?’ ಎಂದು ರಾಯರು ಬಾನೆಟ್ಟನ್ನು ಎತ್ತಿ ಧಡ್ ಎಂದು ಬಿಟ್ಟರು. ಚೆನ್ನಾಗಿಯೇ ಕೂತಿತು.

ಹುಡುಗ ಕಾರಿನೊಳಗಿಂದ ತಲೆ ಹೊರಹಾಕಿ, ‘ಅಂಕಲ್, ಲಿವರಿಗೆ ಕೇಬಲ್ ಇನ್ನೂ ಸಿಕ್ಕಿಸಿಲ್ಲ’ ಎಂದ.

ಯಾರೂ ನಗಲಿಲ್ಲ. ಹಾಲಿನವನು ಸೈಕಲ್ ಹತ್ತಿ ಹೋಗಿ ತಿರುವಿನಲ್ಲಿ ನಕ್ಕ. ರಾಯರು ಕನ್ನಡಕ ಒರೆಸಿಕೊಂಡು, ‘ಇದೂ ಒಂದು ಟೆಸ್ಟೇ’ ಎಂದು ಇನ್ನೊಂದು ಚಪ್ಪಲಿಯನ್ನೂ ಕಳಚಿಟ್ಟು ಮತ್ತೆ ಡ್ಯಾಶ್‌ಬೋರ್ಡ್ ಕೆಳಗೆ ಹೋದರು. ನಾನು ಹೇಳಿಸಿಕೊಳ್ಳದೆಯೇ ಬಾನೆಟ್ ಒತ್ತಿದೆ. ಈ ಸಲ ತಂತಿ ಹೊಸದು, ತುದಿಯ ಗುಂಡು ಗಟ್ಟಿ. ಒಂದೇ ಎಳೆತಕ್ಕೆ ಬಂತು.

ಆದರೆ ಆ ‘ಧಡ್’ ರಾಯರಿಗೆ ನಾಟಿತ್ತು. ಕೇಬಲ್ ಎಂಬ ಒಂದನ್ನೇ ನಂಬಿ ಕೂರಬಾರದು ಎಂದು ತೀರ್ಮಾನಿಸಿ, ಲಾಕಿನ ಕೊಕ್ಕೆಗೆ ಬೇರೆಯೇ ಒಂದು ಬೈಂಡಿಂಗ್ ವೈರ್ ಕಟ್ಟಿ, ಅದರ ತುದಿಯನ್ನು ಗ್ರಿಲ್ಲಿನ ಹಿಂದೆ ಯಾರಿಗೂ ಕಾಣದಂತೆ ಬಚ್ಚಿಟ್ಟು, ಕೀ ಗೊಂಚಲಿನ ಹಳೆಯ ರಿಂಗೊಂದನ್ನು ಸಿಕ್ಕಿಸಿದರು. ಕೇಬಲ್ ಕೈಕೊಟ್ಟರೆ ಬೆರಳು ತೂರಿಸಿ ಎಳೆದರಾಯಿತು. ಹುಡುಗ ಬ್ಯಾಟರಿ ಕದ್ದಾರೆಂದು ಹೆದರಿದ. ‘ನಿನಗೆ, ನನಗೆ, ಇವರಿಗೆ ಬಿಟ್ರೆ ನರಪಿಳ್ಳೆಗೂ ಗೊತ್ತಾಗಲ್ಲ’ ಎಂದು ರಾಯರು ಭರವಸೆ ಕೊಟ್ಟರು.

ಮರುವಾರ ಬಟ್ಟೆ ತರಲು ಹೋದಾಗ ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು, ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಂದ. ‘ಸಾರ್, ಯಾರಿಗೂ ಹೇಳ್ಬೇಡಿ, ಆ ಕಾರಿನ ಗ್ರಿಲ್ ಹಿಂದೆ ಬಲಗಡೆ ಒಂದು ರಿಂಗ್ ಐತೆ.’