ಹಳೇ ಕಾರಿಗೂ ಬಿಡಿಭಾಗ ಬೇಕು: ಕಾರು ಕಂಪನಿಗಳಿಗೆ ಯಮನೂರಿನಿಂದ ಬಹಿರಂಗ ಪತ್ರ

ಭಾರತದಲ್ಲಿ ಕಾರು ಮಾರುತ್ತಿರುವ, ಹಿಂದೆ ಮಾರಿದ ಎಲ್ಲ ಕಂಪನಿಗಳ ಮುಖ್ಯಸ್ಥರಿಗೆ,

ನಮ್ಮದು ನವಲಗುಂದ ತಾಲ್ಲೂಕಿನ ಯಮನೂರು. ಬೆಣ್ಣೆಹಳ್ಳದ ದಂಡೆ, ಸುತ್ತಲೂ ಎರಿಹೊಲ. ನೀವು ಮಾಡಿದ ಗಾಡಿಗಳು ದೊಡ್ಡ ಊರುಗಳಲ್ಲಿ ಎರಡು ಮೂರು ಕೈ ದಾಟಿ ಕೊನೆಗೆ ಬಂದು ಸೇರುವುದು ಇಂಥ ಊರುಗಳಿಗೆ. ಅವನ್ನು ಮನೆ ಮುಂದೆ ಜಾಕ್ ಹಚ್ಚಿ ಎತ್ತಿ, ಬಿಚ್ಚಿ, ಜೋಡಿಸಿ ಮತ್ತೆ ರಸ್ತೆಗೆ ಇಳಿಸುವವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಅಂಗಳದಲ್ಲಿ ನಿಂತಿರುವುದು ಶೆವರ್ಲೆ ಫಾರೆಸ್ಟರ್. ಮೂತಿಯ ಮೇಲೆ ಶೆವರ್ಲೆ ಗುರುತು ಇದ್ದರೂ ಗಾಡಿ ಜಪಾನಿನ ಸುಬಾರು. ಶೆವರ್ಲೆಯ ಒಡೆಯ ಕಂಪನಿ ಜನರಲ್ ಮೋಟರ್ಸ್ 1999ರಲ್ಲಿ ಸುಬಾರು ತಯಾರಿಸುವ ಫ್ಯೂಜಿ ಹೆವಿ ಇಂಡಸ್ಟ್ರೀಸ್‌ನಲ್ಲಿ ಶೇ 20ರಷ್ಟು ಪಾಲು ಪಡೆಯಿತು. ಆ ನಂಟಿನಿಂದ ಈ ಕಾರು ಭಾರತಕ್ಕೆ ಬಂತು. 2005ರಲ್ಲಿ ಆ ಪಾಲು ಮಾರಾಟವಾಯಿತು, 2017ರ ಕೊನೆಗೆ ಶೆವರ್ಲೆ ಕಾರುಗಳ ಮಾರಾಟವೇ ಇಲ್ಲಿ ನಿಂತಿತು. ವ್ಯಾಪಾರದಲ್ಲಿ ಇಂಥ ಏರಿಳಿತ ಸಹಜ. ಆದರೆ ಕೊಂಡವರ ಮನೆಯಲ್ಲಿ ಗಾಡಿ ಹಾಗೆಯೇ ಉಳಿಯುತ್ತದೆ.

ಇದು ಗಟ್ಟಿ ಗಾಡಿ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವುದರಿಂದ ಮಳೆಗಾಲದಲ್ಲಿ ಎರಿಮಣ್ಣಿನ ರಾಡಿಯಲ್ಲೂ ಸಿಕ್ಕಿಕೊಳ್ಳದೆ ದಾಟುತ್ತದೆ. ಎಂಜಿನ್ನಿನಲ್ಲಿ ಸಿಲಿಂಡರುಗಳು ನಿಂತಿಲ್ಲ, ಎರಡು ಎಡಕ್ಕೆ, ಎರಡು ಬಲಕ್ಕೆ ಅಡ್ಡ ಮಲಗಿವೆ. ಹಾಗಾಗಿ ಗಾಡಿಯ ಭಾರ ಕೆಳಗೇ ಕೂರುತ್ತದೆ, ನಡುಕ ಕಡಿಮೆ. ಸ್ಪಾರ್ಕ್ ಪ್ಲಗ್ ಬದಲಿಸುವುದು ಮಾತ್ರ ತಾಳ್ಮೆಯ ಕೆಲಸ. ಎಂಜಿನ್ ಪೂರ್ತಿ ಆರಿರಬೇಕು. ಒಂದು ಬದಿಗೆ ಬ್ಯಾಟರಿ, ಇನ್ನೊಂದು ಬದಿಗೆ ಏರ್ ಫಿಲ್ಟರಿನ ಡಬ್ಬಿ ತೆಗೆದರೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ಪ್ಲಗ್ ಕೂರುವ ಸಿಲಿಂಡರ್ ಹೆಡ್ ಮೆದು ಅಲ್ಯೂಮಿನಿಯಮ್ಮಿನದು. ಹೊಸ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು, ಆಮೇಲೆ ಪಾನಾ. ಮೊದಲೇ ಪಾನಾ ಹಾಕಿ ಬಿಗಿದರೆ ಮರೆ (ಥ್ರೆಡ್) ಸವೆದು ಹೆಡ್ಡೇ ಕೆಡುತ್ತದೆ. ಕೂಲಂಟ್ ಬದಲಿಸಿದ ಮೇಲೆ ಮುಂದಿನ ಗಾಲಿಗಳನ್ನು ಏರಿನ ಮೇಲೆ ಹತ್ತಿಸಿ ನಿಲ್ಲಿಸಿ, ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುವ ತನಕ ಕಾಯಬೇಕು. ಗಾಳಿ ಒಳಗೇ ಉಳಿದರೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಟೈಮಿಂಗ್ ಬೆಲ್ಟ್ ಹೊತ್ತಿಗೆ ಸರಿಯಾಗಿ ಬದಲಿಸದೆ ಅದು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಒಂದೇ ಟೈರ್ ಹೊಸದು ಹಾಕಿ ಮೂರು ಸವೆದದ್ದನ್ನೇ ಬಿಟ್ಟರೆ, ಮುಂದಿನ ಹಿಂದಿನ ಗಾಲಿಗಳಿಗೆ ಬಲ ಹಂಚುವ ಭಾಗ ಕಾದು ಹಾಳಾಗುತ್ತದೆ.

ಟ್ರ್ಯಾಕ್ಟರ್, ಪಂಪ್‌ಸೆಟ್ ಬಿಚ್ಚಿ ಪಳಗಿದ ನಮ್ಮ ಭಾಗದ ಮಿಸ್ತ್ರಿಗಳಿಗೆ ಇದರಲ್ಲಿ ಕೈಲಾಗದ್ದು ಒಂದೂ ಇಲ್ಲ. ಬೇಕಾಗಿರುವುದು ಮಾಹಿತಿ. ಒಂದು ಉದಾಹರಣೆ ಕೊಡುತ್ತೇನೆ. ಆಯಿಲ್ ಸೀಲಿನ ಮೈಮೇಲೆ ಸಾಮಾನ್ಯವಾಗಿ ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಅಚ್ಚಾಗಿರುತ್ತವೆ. ಆ ಮೂರು ಸಂಖ್ಯೆ ಬರೆದುಕೊಂಡು ಹೋದರೆ ಹುಬ್ಬಳ್ಳಿಯ ಅಂಗಡಿಯಲ್ಲಿ ಅದೇ ಅಳತೆಯ ಸೀಲ್ ಕೇಳಬಹುದು, ಅದು ಯಾವ ಕಂಪನಿಯದ್ದಾದರೂ ಆಗಲಿ. ಆದರೆ ಯಾವ ಬೋಲ್ಟನ್ನು ಯಾವ ಕ್ರಮದಲ್ಲಿ, ಎಷ್ಟು ಬಿಗಿಯಬೇಕು, ಎಂಜಿನ್ನಿನ ಕಂಪ್ಯೂಟರ್ ಹೇಳುವ ದೋಷ ಯಾವುದು ಎಂಬುದು ಬೋಲ್ಟಿನ ಮೇಲೆ ಬರೆದಿರುವುದಿಲ್ಲ. ಅದು ನಿಮ್ಮ ಕಪಾಟಿನಲ್ಲಿದೆ.

ಈ ದೂರು ನನ್ನೊಬ್ಬನದಲ್ಲ. ಬಿಡಿಭಾಗಗಳನ್ನೂ ದೋಷ ಪತ್ತೆ ಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿದಾಗ, ಆಯ್ದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರಗಳೂ ವಾಹನಗಳೂ ಇದ್ದವು. ಅದೇ ವರ್ಷದ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಗಾಡಿ ಸುಸ್ಥಿತಿಯಲ್ಲಿದೆ ಎಂದು ತೋರಿಸಿ, ಶುಲ್ಕ ಕಟ್ಟಿ, ಹಳೇ ಕಾರು ಇಟ್ಟುಕೊಂಡವರು ಕಾನೂನಿನ ಪ್ರಕಾರವೇ ನಡೆಯುತ್ತಿದ್ದಾರೆ. ಹೊಗೆ ಉಗುಳುವ ಗಾಡಿ ರಸ್ತೆಯಲ್ಲಿ ಇರಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಹೊಗೆ ಉಗುಳದಂತೆ ಅದನ್ನು ರಿಪೇರಿ ಮಾಡುವ ದಾರಿಯನ್ನು ಮುಚ್ಚಬೇಡಿ ಎಂಬುದಷ್ಟೇ ನನ್ನ ವಾದ.

ನಾನು ಕೇಳುವುದು ಮೂರೇ. ಮಾರಾಟ ನಿಲ್ಲಿಸಿದ ಪ್ರತಿ ಮಾದರಿಯ ಸರ್ವಿಸ್ ಪುಸ್ತಕವನ್ನು ಎಲ್ಲರಿಗೂ ಸಿಗುವಂತೆ ಮಾಡಿ, ಆದಷ್ಟು ಕನ್ನಡದಲ್ಲೂ ಕೊಡಿ. ಯಾವ ಬಿಡಿಭಾಗ ಬೇರೆ ಯಾವ ಕಾರಿಗೆ ಹೊಂದುತ್ತದೆ ಎಂಬ ಪಟ್ಟಿ ಪ್ರಕಟಿಸಿ, ನೀವೇ ಮಾಡುವುದನ್ನು ಬಿಟ್ಟ ಭಾಗದ ನಕ್ಷೆಯನ್ನು ಇಲ್ಲಿನ ಸಣ್ಣ ಕಾರ್ಖಾನೆಗಳಿಗೆ ಕೊಡಿ. ತಾಲ್ಲೂಕಿನ ಐಟಿಐಗಳಲ್ಲಿ ಕಲಿಯುವ ಮಕ್ಕಳಿಗೆ ನಿಮ್ಮ ಹಳೇ ಎಂಜಿನ್ನುಗಳನ್ನೂ ದೋಷ ಪತ್ತೆ ಉಪಕರಣಗಳನ್ನೂ ಕೊಟ್ಟು ಕಲಿಸಿ. ಅವರಲ್ಲೊಬ್ಬರು ನವಲಗುಂದದಲ್ಲೇ ಗ್ಯಾರೇಜ್ ಇಟ್ಟರೆ ನಿಮ್ಮ ಹೆಸರು ಹೊತ್ತ ಗಾಡಿ ಇನ್ನಷ್ಟು ವರ್ಷ ಓಡುತ್ತದೆ, ಒಂದು ಮನೆ ದುಡಿದು ಉಣ್ಣುತ್ತದೆ. ಉತ್ತರವನ್ನೂ ಹೀಗೆಯೇ ಬಹಿರಂಗವಾಗಿ ಕೊಡಿ, ನಮ್ಮಂಥ ಎಲ್ಲ ಊರಿನವರೂ ಓದಲಿ.

ಇಂತಿ,
ಯಮನೂರಿನ ಒಬ್ಬ ಹಳೇ ಕಾರಿನ ಮಾಲೀಕ