ಮಗನ್ನ ಹುಡುಕಿ ಹೊಂಟ ಮೀನ

ಅಕ್ಕಾ, ಹುಡುಗರು ಬರೇ ಕಾರ್ಟೂನ್ ಪಿಕ್ಚರ್ ನೋಡ್ಕೋತ ಕೂಡ್ತಾವ, ಅದರಾಗ ಯಾವ ದೇವರ ಮಾತು ಸಿಗ್ತದ ಅಂತ ಕೇಳಿದ್ರಲ್ಲ, ಸಿಗ್ತದ್ರಿ. 1998ರ 'ದಿ ಪ್ರಿನ್ಸ್ ಆಫ್ ಈಜಿಪ್ಟ್' ಅಂತೂ ಬೈಬಲಿನ ಮೋಶೆಯ ಕಥೀನೇ. ಆದ್ರ ನನಗ ಹೆಚ್ಚು ಸೇರೋದು ಬೈಬಲಿನ ಹೆಸರೇ ಎತ್ತದ ಪಿಕ್ಚರು.

2003ರ 'ಫೈಂಡಿಂಗ್ ನೀಮೋ' ತಗೋರಿ. ಮರಿಮೀನ ನೀಮೋ ಅಪ್ಪನ ಮಾತು ಮೀರಿ ದೋಣಿ ಕಡೆ ಹೋಗ್ತದ, ಮನುಷ್ಯಾರ ಕೈಗೆ ಸಿಗ್ತದ. ಅಪ್ಪ ಮಾರ್ಲಿನ್ ಹೆಂಡತಿ, ಉಳಿದ ತತ್ತಿ ಎಲ್ಲಾ ಕಳಕೊಂಡು ಅಂಜುಬುರುಕ ಆದಾಂವ. ಅಂಥಾಂವ ಮಗನ ಸಲುವಾಗಿ ಸಮುದ್ರ ದಾಟಿ ಸಿಡ್ನಿ ತನಕ ಹೋಗ್ತಾನ.

ಬೈಬಲಿನ್ಯಾಗ ಲೂಕನ ಸುವಾರ್ತೆಯ 15ನೇ ಅಧ್ಯಾಯದಾಗ ಮೂರು ಸಾಮ್ಯ, ಅಂದ್ರ ನೀತಿ ಹೇಳೋ ಕಥಿ, ಅವ: ಕಳೆದ ಕುರಿ, ಕಳೆದ ನಾಣ್ಯ, ಮನಿ ಬಿಟ್ಟ ಮಗ. ಮಗನ ಕಥ್ಯಾಗ ಮಗ ತಾನೇ ತಿರುಗಿ ಬರ್ತಾನ, ಅಪ್ಪ ಓಡಿ ಹೋಗಿ ಅಪ್ಪಿಕೊಳ್ತಾನ. ಕುರಿ ಕಥ್ಯಾಗ ಕುರುಬ 99 ಕುರಿ ಬಿಟ್ಟು ಒಂದರ ಬೆನ್ನು ಹತ್ತಿ ಹೋಗ್ತಾನ. ಮಾರ್ಲಿನ್ ಆ ಕುರುಬನ ಪೈಕಿ. ಮಗ ಸಿಕ್ಕಾಗ ಬೈಯಲಿಲ್ಲ, ತಾನೇ ತಪ್ಪಾಯ್ತು ಅಂತಾನ. ನಡುವ ತಿಮಿಂಗಿಲದ ಬಾಯಾಗ ಹೋಗಿ ಉಳಿದು ಬರೋದು ನೋಡಿದ್ರ ಬೈಬಲಿನ್ಯಾಗ ದೊಡ್ಡ ಮೀನ ನುಂಗಿದ ಯೋನ ನೆನಪಾಗದೇ ಇರ್ತಾನೇನ್ರಿ?

ಅದೇ ನಿರ್ದೇಶಕ ಆಂಡ್ರ್ಯೂ ಸ್ಟಾಂಟನ್ 2008ರಾಗ 'ವಾಲ್-ಈ' ಮಾಡಿದ. ಭೂಮಿ ತುಂಬ ಕಸ, ಜನ ಎಲ್ಲಾ ಆಕಾಶದ ಹಡಗಿನ್ಯಾಗ. ಭೂಮಿ ಮತ್ತ ಬಾಳ್ವಿಗೆ ಬಂದದ ಅನ್ನೋ ಸುದ್ದಿ ಅವರಿಗೆ ಮುಟ್ಟೋದು ಒಂದು ಹಸಿರು ಸಸಿಯಿಂದ. ಬೈಬಲಿನ ಜಲಪ್ರಳಯದಾಗ ನೋಹನ ಪಾರಿವಾಳ ಎಣ್ಣೇಮರದ ಚಿಗುರು ತಂದದ್ದು ಹಂಗೇ ಅಲ್ಲೇನ್ರಿ?

ಆದ್ರ ಕಂಡಕಂಡದ್ದಕ್ಕೆಲ್ಲ ಶಿಲುಬೆ ಅಂಟಿಸಬಾರದು. 1994ರ 'ದಿ ಲಯನ್ ಕಿಂಗ್' ನೋಡಿ ಅದರಾಗಿನ ಸಿಂಹದ ಮರಿ ಸಿಂಬಾನೂ ಲೂಕನ ಕಥ್ಯಾಗಿನ ಮಗನೇ ಅಂತ ಅನ್ನೋರು ಅದಾರ. ಸಿಂಬಾ ತಿರುಗಿ ಬರ್ತಾನ ಖರೆ, ಅಪ್ಪಿಕೊಳ್ಳಾಕ ಅಪ್ಪನೇ ಇಲ್ಲ. ಅದು ಕ್ಷಮೆಯ ಕಥಿ ಅಲ್ಲ, ಹೊಣೆಗಾರಿಕೆಯ ಕಥಿ. ಇಲ್ಲದ್ದನ್ನ ತುರುಕಿದ್ರ ಕಥಿಗೂ ಅನ್ಯಾಯ, ಸುವಾರ್ತೆಗೂ ಅನ್ಯಾಯ.

ನಮ್ಮ ಬೀದರ್ ಸೀಮ್ಯಾಗ ಮೆಥಡಿಸ್ಟ್ ಚರ್ಚಿನ ಸಂಡೇ ಸ್ಕೂಲಿಗೆ ಹೋಗೋ ಹುಡುಗರಿಗೆ ಈ ಸಾಮ್ಯ ಬಾಯಿಪಾಠ. ಬಾಯಿಪಾಠ ಎದಿಗೆ ಇಳೀಬೇಕಾದ್ರ ಇಂಥ ಪಿಕ್ಚರ್ ಬೇಕು. ಬಸವಕಲ್ಯಾಣದ ಮಗ್ಗುಲಾಗ ಬೆಳೆಯೋ ನಿಮ್ಮ ಮನಿ ಹುಡುಗರಿಗೆ ಅದೇ ಮೀನ ನೋಡಿ ಬಸವಣ್ಣನ ದಯೆ ನೆನಪಾದ್ರ ಅದೂ ಛಲೋನೇ.

ಅದಕ್ಕ ಅಕ್ಕಾ, ಪಿಕ್ಚರ್ ಹಚ್ಚಿಕೊಟ್ಟು ಒಲಿ ಮುಂದ ಹೋಗಬ್ಯಾಡ್ರಿ. ಹುಡುಗರ ಜೋಡಿ ಕೂಡ್ರಿ, ಮುಗಿದ ಮ್ಯಾಲ ಒಂದೇ ಮಾತು ಕೇಳ್ರಿ: ಯಾರು ಯಾರ ಸಲುವಾಗಿ ಏನು ಬಿಟ್ರು?