ಬಾಣಂತನ ಮಿಷನ್, ನ್ಯಾಮತಿ ಶಾಖೆ

ಚನ್ನಗಿರಿಯ ಅಡಿಕೆ ಮಂಡಿಯಲ್ಲೋ ಹೊನ್ನಾಳಿ ಬಸ್‌ ಸ್ಟ್ಯಾಂಡಿನಲ್ಲೋ ದಿನಾ ಕಾಣುತ್ತಿದ್ದ ಹಿರಿಯರೊಬ್ಬರು ಪತ್ನಿಸಮೇತ ಆರು ತಿಂಗಳು ನಾಪತ್ತೆಯಾದರೆ ಈಗ ಯಾರೂ ಗಾಬರಿಯಾಗುವುದಿಲ್ಲ. ‘ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗ್ಯಾರೆ’ ಎಂದು ಪಕ್ಕದವರೇ ಹೇಳಿಬಿಡುತ್ತಾರೆ. ಮಳೆ ಕೈಕೊಟ್ಟ ವರ್ಷವೂ ಜಗಳೂರಿನಿಂದ ಈ ರಫ್ತು ಮಾತ್ರ ನಿಲ್ಲುವುದಿಲ್ಲ. 1853ರಲ್ಲಿ ಬಾಸೆಲ್ ಮಿಷನ್ನಿನ ಕಿಟೆಲ್ ಸಾಹೇಬರು ಕಡಲು ದಾಟಿ ನಮ್ಮ ನಾಡಿಗೆ ಬಂದಾಗ ಅವರಿಗಿನ್ನೂ ಇಪ್ಪತ್ತೊಂದು ವರ್ಷ. ನಾವು ಅತ್ತ ಹೊರಡುವುದು ಅರವತ್ತು ದಾಟಿದ ಮೇಲೆ, ಬಿಪಿ ಶುಗರ್ ಮಾತ್ರೆಗಳ ಬೆಂಗಾವಲಿನಲ್ಲಿ. ಅವರು 1894ರಲ್ಲಿ ಕನ್ನಡ ನಿಘಂಟು ಅಚ್ಚು ಹಾಕಿಸಿದರು. ನಮ್ಮ ಸಾಧನೆಯ ವಿವರ ಮುಂದಿದೆ.

ನಮ್ಮ ಮಿಷನ್ನಿನ ಮುಖ್ಯಸ್ಥೆ ನನ್ನ ಹೆಂಡತಿ. ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಹುಟ್ಟಲಿರುವ ಮೊಮ್ಮಗುವಿಗೆ ಎಣ್ಣೆ ನೀರು, ಬಜೆ, ಲೋಬಾನ ಇವುಗಳ ದೀಕ್ಷೆ ಕೊಡುವುದು ಅವಳ ಗುರಿ. ಸೂಟ್‌ಕೇಸ್ ಎತ್ತುವುದು ನನ್ನ ಹುದ್ದೆ.

ವೀಸಾ ಅರ್ಜಿಯಲ್ಲೇ ಮೊದಲ ಎಡವಟ್ಟು. ನಾನು ಹುಟ್ಟಿದ್ದು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕಿನಲ್ಲಿ. 1997ರಲ್ಲಿ ನಮ್ಮನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಈಚೆಗೆ ನ್ಯಾಮತಿಯೇ ತಾಲ್ಲೂಕಾಯಿತು. ಹುಟ್ಟಿದ ಮನೆಯ ಹೊಸಿಲು ಬಿಟ್ಟು ಕದಲದ ನನಗೆ ಕಾಗದದಲ್ಲಿ ಎರಡು ಜಿಲ್ಲೆ, ಎರಡು ತಾಲ್ಲೂಕು. ‘ಯಾವಾಗ ಊರು ಬದಲಾಯಿಸಿದಿರಿ?’ ಎಂದು ವೀಸಾ ಅಧಿಕಾರಿ ಕೇಳಿದರು. ‘ನಾನು ಅಲ್ಲೇ ಇದ್ದೀನಿ ಸ್ವಾಮಿ, ಜಿಲ್ಲೆಯೇ ಎದ್ದು ಹೋಯ್ತು’ ಎಂದೆ. ಬಾಣಂತನ ಎಂದು ಬಾಯಿ ಬಿಡಬಾರದು, ಅದನ್ನು ಕೆಲಸ ಅಂದುಕೊಂಡಾರು, ಮೊಮ್ಮಗು ನೋಡಲು ಎನ್ನಿ ಎಂದು ಮಗಳು ಪಾಠ ಒಪ್ಪಿಸಿಕೊಂಡಿದ್ದಳು. ಅದನ್ನು ಯಾರೂ ಕೇಳಲೇ ಇಲ್ಲ. ತೋಟಕ್ಕೆ ನೀರು ಬಿಡೋರು ಯಾರು ಎಂದರು. ಆ ಚಿಂತೆ ನನಗೂ ಇತ್ತು, ಮುಖದಲ್ಲಿ ಕಂಡಿರಬೇಕು. ವೀಸಾ ಸಿಕ್ಕಿತು.

ಪೆಟ್ಟಿಗೆಗೆ 23 ಕೆಜಿ ಮಿತಿ. ಜಾಗ ತುಂಬಬೇಕು, ತೂಕ ಏರಬಾರದು ಎಂದರೆ ನಮ್ಮ ಜಿಲ್ಲೆಯವರಿಗೆ ಹೊಳೆಯುವುದು ಒಂದೇ, ಮಂಡಕ್ಕಿ. ಒಂದು ಸೂಟ್‌ಕೇಸನ್ನು ಅದರಿಂದಲೇ ತುಂಬಿದೆವು. ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಅದನ್ನು ತೆರೆಸಿದ ಅಧಿಕಾರಿಗೆ ಅದು ತಿನ್ನುವ ವಸ್ತು ಎಂದು ಅನ್ನಿಸಲೇ ಇಲ್ಲ. ಗಾಜಿನ ಸಾಮಾನು ಒಡೆಯದಿರಲೆಂದು ಸುತ್ತ ತುಂಬುವ ಪುಡಿ ಎಂದುಕೊಂಡು, ಗವಸು ಹಾಕಿದ ಕೈಯನ್ನು ಮೊಣಕೈವರೆಗೆ ಇಳಿಬಿಟ್ಟು ಒಳಗಿನ ಸಾಮಾನು ಹುಡುಕತೊಡಗಿದ. ಈ ಮೂಲೆ ಆಯಿತು, ಆ ಮೂಲೆ ಆಯಿತು. ‘ಇದರೊಳಗೆ ಏನಿದೆ?’ ‘ಮಂಡಕ್ಕಿ.’ ‘ಅದು ಎಲ್ಲಿದೆ?’ ಕೊನೆಗೆ ನಾನೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಸೀರೆ ಮಡಿಕೆಯಲ್ಲಿದ್ದ ಕರಿಬೇವಿಗೆ ಮಾತ್ರ ಕ್ಷಮೆ ಸಿಗಲಿಲ್ಲ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿರುತ್ತದಂತೆ, ಸೀದಾ ಕಸದ ಡಬ್ಬಿಗೆ ಹೋಯಿತು. ‘ಎಮ್ಮೆಗಾದರೂ ಹಾಕಬಹುದಿತ್ತು’ ಎಂದು ನನ್ನವಳು ಮಗಳ ಮನೆ ಮುಟ್ಟುವವರೆಗೂ ಗೊಣಗಿದಳು.

ಮಗು ಹುಟ್ಟಿತು, ಎರೆಯುವ ದಿನ ಬಂತು. ಎರೆದ ಮೇಲೆ ಲೋಬಾನದ ಹೊಗೆ ಹಿಡಿಯಬೇಕು, ಹೊಗೆಗೆ ಕೆಂಡ ಬೇಕು. ಮಗಳ ಮನೆಯ ಒಲೆ ಕರೆಂಟಿನದು. ಅಳಿಯ ಮೆಕ್ಕೆಜೋಳದ ತೆನೆ ಸುಡಲೆಂದು ಇದ್ದಿಲಿನ ಚೀಲ ತಂದಿಟ್ಟಿದ್ದ. (ಮೆಕ್ಕೆಜೋಳ ಅಂತ ಅವನೇ ಹೇಳಿದ್ದು, ನಾನು ಹೆಚ್ಚು ಕೆದಕಲಿಲ್ಲ.) ಬಾಲ್ಕನಿಯಲ್ಲಿ ಕೂತು, ಪಿಜ್ಜಾ ಡಬ್ಬಿಯ ಮುಚ್ಚಳದಿಂದ ಗಾಳಿ ಹಾಕಿ ಕೆಂಡ ಮಾಡಿ, ತಟ್ಟೆಯಲ್ಲಿಟ್ಟು ಒಳಗೆ ತಂದೆ. ಹೆಂಡತಿ ಲೋಬಾನ ಉದುರಿಸಿದಳು. ಮೊದಲು ನಮ್ಮ ಚಾವಣಿಯಲ್ಲಿ ಹೊಗೆ ಕಂಡರೆ ಕೂಗುವ ಡಬ್ಬಿ ಅರಚಿಕೊಂಡಿತು, ಅದಕ್ಕೆ ಕಾರಿಡಾರಿನದು ದನಿಗೂಡಿಸಿತು, ಆಮೇಲೆ ಇಡೀ ಕಟ್ಟಡ. ನಾನು ಟವೆಲ್ ಬೀಸಿ ಹೊಗೆ ಓಡಿಸಲು ಹೋದೆ, ಕೆಂಡ ಇನ್ನಷ್ಟು ನಿಗಿನಿಗಿ ಅಂತು.

ಮೂರು ಮಹಡಿಯ ಜನ ನಾಯಿ, ಬೆಕ್ಕು, ಲ್ಯಾಪ್‌ಟಾಪು ಅವುಚಿಕೊಂಡು ಕೆಳಗಿಳಿದರು. ಬನಿಯನ್ನು, ಲುಂಗಿಯಲ್ಲಿ ನಾನೂ ಇಳಿದೆ. ಕೈಯಲ್ಲಿ ಇನ್ನೂ ಪಿಜ್ಜಾ ಡಬ್ಬಿಯ ಮುಚ್ಚಳವಿತ್ತು, ಆರೋಪಿ ಯಾರೆಂದು ಯಾರೂ ಕೇಳಬೇಕಾಗಲಿಲ್ಲ. ಕೆಂಪು ವಾಹನದಿಂದ ಇಳಿದ ಆಜಾನುಬಾಹುಗಳು ಕೊಡಲಿ ಹಿಡಿದು ಮೇಲೆ ಹೋದರು, ತಟ್ಟೆ ಹಿಡಿದು ವಾಪಸ್ ಬಂದರು. ಅವರಲ್ಲೊಬ್ಬ ಹೆಲ್ಮೆಟ್ ತೆಗೆದು ಮೂಸಿ, ವಾಸನೆ ಚೆನ್ನಾಗಿದೆ ಎಂದ. ಅಷ್ಟು ಸಾಕಾಯಿತು. ನನ್ನವಳು ಮಗುವನ್ನು ಮಗಳ ಕೈಗಿತ್ತು, ‘ಪಾಪ, ನಮ್ಮಿಂದ ಬಿಸಿಲಲ್ಲಿ ಬಂದಾವೆ, ಒಗ್ಗರಣೆ ಮಂಡಕ್ಕಿ ಕೊಡ್ರಿ’ ಎಂದು ನನ್ನನ್ನು ಮೇಲಕ್ಕೆ ಅಟ್ಟಿದಳು. ಒಗ್ಗರಣೆಗೆ ಹಸಿಮೆಣಸು ಹಾಕಿದರೆ ಏಳುವ ಹೊಗೆಯನ್ನು ನೆನೆದು ಅಳಿಯ ಕೈಮುಗಿದ.

ಆಮೇಲಿಂದ ಎಲ್ಲರಿಗೂ ನನ್ನ ಪರಿಚಯ. ಅಲ್ಲಿ ಕಾರಿಲ್ಲದವನು ಕಾಲಿಲ್ಲದವನು. ಹೊನ್ನಾಳಿಯ ಹಾಗೆ ಕೈ ಅಡ್ಡ ಹಿಡಿದರೆ ನಿಲ್ಲುವ ಬಸ್ಸಿಲ್ಲ. ಹಾಗಾಗಿ ಕಟ್ಟಡದ ಸುತ್ತಲೇ ನನ್ನ ವಾಕಿಂಗು. ನನ್ನನ್ನು ಕಂಡ ಮಕ್ಕಳು ಸೈರನ್ ಸದ್ದು ಮಾಡಿ ಕೈ ಬೀಸುತ್ತಿದ್ದವು, ನಾನೂ ಬೀಸುತ್ತಿದ್ದೆ.

ದೀಕ್ಷೆ ಯಾರು ಯಾರಿಗೆ ಕೊಟ್ಟರು ಎಂಬುದು ಊರಿಗೆ ಬಂದ ಮೇಲೆ ಬಯಲಾಯಿತು. ಮಗು ಡೈಪರಿನಲ್ಲೇ ಬೆಳೆಯುತ್ತಿದೆ. ನಾನು ಮಾತ್ರ ನ್ಯಾಮತಿಯಲ್ಲಿ ರಸ್ತೆ ದಾಟಲು ನಿಂತು, ಗಾಡಿಗಳು ತಾವಾಗಿ ನಿಂತಾವು ಎಂದು ಕಾಯುತ್ತೇನೆ. ಟಿಕೆಟ್ ಕೊಟ್ಟ ಕಂಡಕ್ಟರಿಗೆ ಥ್ಯಾಂಕ್ಯೂ ಎಂದರೆ ಆತ ಅನುಮಾನದಿಂದ, ‘ಏನ್ ಮೇಷ್ಟ್ರೇ, ಚಿಲ್ಲರೆ ಬೇಕಾ?’ ಎಂದ.

ಮೊನ್ನೆ ಜಗಳೂರಿನ ನೆಂಟರೊಬ್ಬರು ಪತ್ನಿಸಮೇತ ಬಂದಿದ್ದರು. ಟೆಕ್ಸಾಸಿನಲ್ಲಿ ಅವರ ಮಗಳಿಗೆ ಈಗ ಏಳು ತಿಂಗಳು. ಲೋಬಾನ ಒಂದು ಬಿಟ್ಟು ಏನೇನು ಒಯ್ಯಬೇಕೆಂದು ನನ್ನವಳು ಪಟ್ಟಿ ಬರೆಸಿದಳು. ‘ಅಲ್ಲಿ ಗಂಡಸರಿಗೆ ಏನು ಕೆಲಸ ಭಾವ?’ ಎಂದು ಅವರು ಮೆಲ್ಲಗೆ ಕೇಳಿದರು. ಉತ್ತರಿಸುವಷ್ಟರಲ್ಲಿ, ‘ರೀ, ತೊಳೆದ ಪಾತ್ರೆ ಒರೆಸಿಡ್ರಿ’ ಎಂದು ಒಳಗಿನಿಂದ ಅಪ್ಪಣೆಯಾಯಿತು. ನಾನು ಎದ್ದು ಹೆಗಲ ಮೇಲೆ ಟವೆಲ್ ಹಾಕಿಕೊಂಡೆ. ಅವರು ಅದನ್ನೇ ದಿಟ್ಟಿಸಿ ನೋಡಿ ಕೇಳಿದರು: ‘ಟವೆಲ್ ಇಲ್ಲಿಂದಲೇ ಒಯ್ಯಬೇಕಾ, ಅಲ್ಲೇ ಕೊಡ್ತಾರಾ?’